ಚಾಳೀಸು ಬಂದ ಮೇಲೆ

ನಲವತ್ತನ್ನು ದಾಟಿದ ಗೃಹಸ್ಥನು ವೃತ್ತಪತ್ರಿಕೆಯನ್ನು ಓದುವ ಭಂಗಿಯನ್ನು ವಾಚಕರು ಗಮನಿಸಿರಬಹುದು. ಮೊದಲು ಪತ್ರಿಕೆ ಎದೆಯ ಹತ್ತಿರ ಇರುತ್ತದೆ. ಕೆಲವು ತಿಂಗಳು ಕಳೆದರೆ ಅದು ಮೊಣಕಾಲಿನ ಕಡೆಗೆ ಜಾರುತ್ತದೆ. ಆಮೇಲೆ ಕೈಗಳು ಮುಂದಕ್ಕೆ ಚಾಚುತ್ತವೆ, ಕತ್ತು ಹಿಂದಕ್ಕೆ ಹೋಗುತ್ತದೆ, ಹುಬ್ಬು ಮೇಲೇರುತ್ತದೆ. ಕೊನೆಗೊಂದು ದಿನ ತೋಳಿನ ಉದ್ದವೇ ಸಾಲದೆ ಬರುತ್ತದೆ. ಇಷ್ಟಾದರೂ ಆತನು ತನ್ನ ಕಣ್ಣನ್ನು ಅನುಮಾನಿಸುವುದಿಲ್ಲ. ದೀಪ ಮಂಕಾಗಿದೆ ಎನ್ನುತ್ತಾನೆ; ಪತ್ರಿಕೆಯವರು ಈಚೆಗೆ ಅಕ್ಷರವನ್ನು ಸಣ್ಣದು ಮಾಡಿದ್ದಾರೆ ಎನ್ನುತ್ತಾನೆ; ಶಾಯಿ ತೆಳುವಾಗಿದೆ ಎನ್ನುತ್ತಾನೆ. ಮನೆಯವರು ನಗುತ್ತಾರೆ. ಆತನಿಗೆ ಮಾತ್ರ ನಗು ಬರುವುದಿಲ್ಲ.

ಈ ಸ್ಥಿತಿಗೆ ನಮ್ಮಲ್ಲಿ ಚಾಳೀಸು ಎಂಬ ಹೆಸರುಂಟು. ಉತ್ತರ ಕರ್ನಾಟಕದ ಕಡೆ ಕನ್ನಡಕವನ್ನೇ ಚಾಳೀಸು ಎನ್ನುತ್ತಾರೆ. ಮಾತಿನ ಮೂಲ ನಲವತ್ತು ಎಂಬ ಸಂಖ್ಯೆ. ಮರಾಠಿಯ ಚಾಳಿಶಿಗೂ ಅದೇ ಮೂಲ, ತೆಲುಗಿನ ಚತ್ವಾರಕ್ಕೂ ಅದೇ. ತಮಿಳರು ಮಾತ್ರ ವಯಸ್ಸಿನ ಲೆಕ್ಕಕ್ಕೆ ಹೋಗದೆ, ಕಣ್ಣಿಗೆ ಕಂಡದ್ದನ್ನೇ ಹೆಸರಾಗಿಟ್ಟು, ಅದನ್ನು ಬಿಳಿಯ ಅಕ್ಷರ ಎಂದು ಕರೆದರು. ಕರಿಯ ಅಕ್ಷರ ಹಾಳೆಯ ಬಿಳುಪಿನಲ್ಲಿ ಕರಗಿಹೋಗುವುದನ್ನು ಒಮ್ಮೆ ಕಂಡವನಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ವೈದ್ಯರು ಗ್ರೀಕ್ ಭಾಷೆಯಿಂದ ತಂದುಕೊಂಡ ಪ್ರೆಸ್‌ಬಯೋಪಿಯ ಎಂಬ ಮಾತಿಗೆ ಮುದುಕನ ಕಣ್ಣು ಎಂದು ಅರ್ಥ. ನಲವತ್ತೆರಡರ ಮನುಷ್ಯನ ಎದುರಿಗೆ ಅದನ್ನು ಆಡುವುದು ನಿರ್ದಯೆ. ನಮ್ಮವರು ಬರಿಯ ಸಂಖ್ಯೆಯೊಂದನ್ನು ಹೇಳಿ ಸುಮ್ಮನಾದದ್ದು ಹೆಚ್ಚು ಸಭ್ಯವಾದ ರೀತಿ.

ಕಣ್ಣಿನ ಕೇಡುಗಳೆಂದರೆ ನಾವು ಕುರುಡನ್ನು ನೆನೆಯುತ್ತೇವೆ. ಆದರೆ ನಡುವಯಸ್ಸಿನ ಕಣ್ಣು ಮನುಷ್ಯನನ್ನು ಕುರುಡನನ್ನಾಗಿ ಮಾಡುವುದಿಲ್ಲ. ದೂರದ ಬೆಟ್ಟ ಕಾಣುತ್ತದೆ, ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು ಕಾಣುತ್ತದೆ. ಕಾಣದೆ ಹೋಗುವುದು ಅಂಗೈ ಮೇಲಿನದು. ಕಾಲಿಗೆ ಚುಚ್ಚಿದ ಮುಳ್ಳು, ಮಾತ್ರೆಯ ಪಟ್ಟಿಯ ಮೇಲಿನ ತಾರೀಖು, ಸೂಜಿಯ ಕಣ್ಣು, ಪುಸ್ತಕದ ಅಡಿಟಿಪ್ಪಣಿ. ಮುಖ್ಯವಾಗಿ, ಹೀಗೆ ಕಾಣದೆ ಹೋದದ್ದನ್ನು ಕಣ್ಣಿನ ದೋಷವೆಂದು ಯಾರೂ ಎಣಿಸುವುದಿಲ್ಲ. ಸ್ವಭಾವದ ದೋಷವೆಂದು ಎಣಿಸುತ್ತಾರೆ. ಆತ ಸೋಮಾರಿ, ಆಕೆ ಅಜಾಗರೂಕಳು, ಇವನಿಗೆ ಈಚೆಗೆ ಸಿಡುಕು. ಅನುಭವಿಸುತ್ತಿರುವವರೂ ತಮ್ಮನ್ನು ಕುರಿತು ಹಾಗೆಯೇ ನಂಬಿಬಿಡುತ್ತಾರೆ.

ನನ್ನ ಸಂಗತಿಯನ್ನೇ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಕನ್ನಡವನ್ನು ಕಲಿಸುತ್ತಿದ್ದವನು. ನಲವತ್ತಮೂರನೆಯ ವಯಸ್ಸಿನಲ್ಲಿ ತರಗತಿಯಲ್ಲಿ ಪದ್ಯವನ್ನು ನಾನೇ ಓದುವ ಪದ್ಧತಿಯನ್ನು ಬಿಟ್ಟು, “ನೀನು ಓದಪ್ಪ” ಎಂದು ಮುಂದಿನ ಬೆಂಚಿನ ಹುಡುಗನಿಗೆ ಹೇಳತೊಡಗಿದೆ. ಇದೇನೋ ಹೊಸ ಬೋಧನಾಕ್ರಮವೆಂದು ವಿದ್ಯಾರ್ಥಿಗಳು ಭಾವಿಸಿದರು. ಒಂದೆರಡು ತಿಂಗಳಲ್ಲಿ ನಾನೂ ಹಾಗೆಯೇ ಭಾವಿಸಿದೆ. ಮನೆಯಲ್ಲಿ ಕೊಂಡು ತಂದ ಪುಸ್ತಕಗಳು ಪುಟ ತೆರೆಯದೆ ಬಿದ್ದವು. ರುಚಿ ಪಕ್ವವಾಗಿದೆ, ಈಗಿನವರ ಬರೆಹದಲ್ಲಿ ಹುರುಳಿಲ್ಲ ಎಂದು ಗೆಳೆಯರಲ್ಲಿ ಹೇಳಿಕೊಂಡೆ. ಸಂಜೆಯಾದರೆ ಹಣೆ ನೋಯುತ್ತಿತ್ತು. ಪರೀಕ್ಷೆಯ ಕಾಲದಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುವಾಗಲೇ ಕೋಪ ಬರುತ್ತಿತ್ತು. ಒತ್ತೊತ್ತಾಗಿ ಸಣ್ಣಕ್ಷರದಲ್ಲಿ ಬರೆದಿದ್ದ ಹುಡುಗರಿಗೆ ಆ ಎರಡು ವರ್ಷ ನಾನು ನ್ಯಾಯವಾಗಿಯೇ ಅಂಕ ಕೊಟ್ಟೆನೆಂದು ಪ್ರಮಾಣ ಮಾಡಿ ಹೇಳಲಾರೆ. ಅವರು ಯಾರೆಂಬುದು ನನಗೆ ತಿಳಿಯದು. ತಮಗೇಕೆ ಕಡಿಮೆ ಬಂತೆಂಬುದು ಅವರಿಗೂ ತಿಳಿದಿರಲಾರದು.

ಬಿಡುಗಡೆ ಬಂದದ್ದು ನಮ್ಮ ಜವಾನನಿಂದ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಸಾಲನ್ನು ಬಿಟ್ಟು ಪಕ್ಕದವರ ಸಾಲಿನಲ್ಲಿ ರುಜು ಹಾಕಿದ್ದೆ. ಆತನು ಏನನ್ನೂ ಆಡದೆ ತನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ತೆಗೆದು, “ಇದನ್ನೊಮ್ಮೆ ಹಾಕಿಕೊಳ್ಳಿ ಸಾರ್” ಎಂದ. ಹಾಕಿಕೊಂಡೆ. ಹಾಳೆಯ ಮೇಲಿನ ಗೆರೆಗಳು ಎದ್ದು ನಿಂತವು. ನನ್ನ ರುಚಿ ಪಕ್ವವಾಗಿರಲಿಲ್ಲ, ಮಸೂರ ಗಟ್ಟಿಯಾಗಿತ್ತು.

ಮಸೂರವೆಂಬ ಮಾತಿನ ಬಗ್ಗೆ ಒಂದು ಸಂಗತಿ. ಲೆನ್ಸ್ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಮಸೂರಬೇಳೆ ಎಂದೇ ಅರ್ಥ. ಆಕಾರವನ್ನು ಕಂಡು ಇಟ್ಟ ಹೆಸರು. ನಮ್ಮ ಪಾರಿಭಾಷಿಕ ಪದವನ್ನು ರಚಿಸಿದವರು ಅದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಕಣ್ಣಿನೊಳಗಿನ ಈ ಬೇಳೆ ಎಳೆತನದಲ್ಲಿ ಮೃದುವಾಗಿರುತ್ತದೆ. ಅದರ ಸುತ್ತ ಉಂಗುರದಂಥ ಒಂದು ಸ್ನಾಯುವೂ, ಅದಕ್ಕೂ ಮಸೂರಕ್ಕೂ ನಡುವೆ ಕೂದಲಿಗಿಂತ ನವುರಾದ ಎಳೆಗಳೂ ಇವೆ. ಹತ್ತಿರದ ವಸ್ತುವನ್ನು ನೋಡುವಾಗ ಸ್ನಾಯು ಸಂಕೋಚಗೊಂಡು ಎಳೆಗಳು ಸಡಿಲುತ್ತವೆ. ಮಸೂರ ತನ್ನ ಸಹಜ ಗುಣದಿಂದ ಉಬ್ಬುತ್ತದೆ. ಬಿಂಬ ಅಕ್ಷಿಪಟಲದ ಮೇಲೆ ಸ್ಪಷ್ಟವಾಗಿ ಬೀಳುತ್ತದೆ. ಇದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ೧೮೫೫ರಲ್ಲಿ ವಿವರಿಸಿದನು. ಆದರೆ ಮಸೂರವು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತದೆ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಕೂಡುತ್ತದೆಯೇ ಹೊರತು ಹಳೆಯ ಪದರ ಉದುರುವುದಿಲ್ಲ. ಒಳಗಿನದು ಒತ್ತಿ ಒತ್ತಿ ಗಡುಸಾಗುತ್ತದೆ. ಸ್ನಾಯು ತನ್ನ ಕೆಲಸವನ್ನು ಮಾಡುತ್ತಲೇ ಇದ್ದರೂ ಮಸೂರ ಉಬ್ಬಲು ಒಪ್ಪುವುದಿಲ್ಲ.

ಹಾಲೆಂಡಿನ ಡಾಂಡರ್ಸ್ ಎಂಬ ವೈದ್ಯನು ೧೮೬೪ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಈ ಇಳಿತವನ್ನು ವಯಸ್ಸಿಗೆ ವಯಸ್ಸು ಅಳೆದು ತೋರಿಸಿದನು. ಹತ್ತು ವರ್ಷದ ಹುಡುಗ ಸುಮಾರು ೭ ಸೆಂಟಿಮೀಟರು ದೂರದಲ್ಲಿ ಹಿಡಿದದ್ದನ್ನೂ ಸ್ಪಷ್ಟವಾಗಿ ಕಾಣಬಲ್ಲ. ಇಪ್ಪತ್ತರಲ್ಲಿ ಆ ದೂರ ಸುಮಾರು ೧೦, ನಲವತ್ತರಲ್ಲಿ ೨೨, ಐವತ್ತರಲ್ಲಿ ೪೦. ಅರವತ್ತಕ್ಕೆ ಒಂದು ಮೀಟರು. ಅಷ್ಟು ಉದ್ದದ ತೋಳು ಭೀಮನಿಗೂ ಇದ್ದಿರಲಾರದು. ಈ ಅಂಕಿಗಳನ್ನು ನೋಡಿದಾಗ ನನಗೆ ಆಶ್ಚರ್ಯವಾದದ್ದು ಕೊನೆಯ ಸಾಲಿನಿಂದಲ್ಲ, ಮೊದಲನೆಯದರಿಂದ. ಚಾಳೀಸು ನಲವತ್ತರಲ್ಲಿ ಬರುವುದಲ್ಲ. ಅದು ನಾವು ಗೋಲಿಯಾಡುತ್ತಿದ್ದಾಗಲೇ ಹೊರಟಿತ್ತು. ನಾವು ಪುಸ್ತಕ ಹಿಡಿಯುವ ಜಾಗವನ್ನು ಅದು ತಲಪುವುದಕ್ಕೆ ಅಷ್ಟು ವರ್ಷ ಹಿಡಿಯಿತು. ಇದರ ಜೊತೆಗೆ ಪಾಪೆ ಕಿರಿದಾಗುತ್ತ ಬರುತ್ತದೆ, ಮಸೂರಕ್ಕೆ ಹಳದಿ ಬಣ್ಣ ಏರುತ್ತದೆ. ಅರವತ್ತರ ಅಕ್ಷಿಪಟಲಕ್ಕೆ ಇಪ್ಪತ್ತರ ಅಕ್ಷಿಪಟಲಕ್ಕೆ ಸಿಕ್ಕುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಸಿಕ್ಕುತ್ತದೆ ಎನ್ನುತ್ತಾರೆ. ದೀಪ ಮಂಕಾಗಿದೆ ಎಂದು ಗೊಣಗುವ ಗೃಹಸ್ಥನು ಪೂರ್ತಿ ಸುಳ್ಳನಲ್ಲ.

ಕಣ್ಣಿನ ತೊಂದರೆ ಒಬ್ಬ ಮನುಷ್ಯನ ಒಳಬಾಳನ್ನು ಹೇಗೆ ಮೊಟಕು ಮಾಡಬಲ್ಲುದೆಂಬುದಕ್ಕೆ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತ ನೌಕಾಡಳಿತದ ಕಚೇರಿಯಲ್ಲಿ ಅಧಿಕಾರಿಯಾಗಿದ್ದವನು. ೧೬೬೦ರ ಜನವರಿ ೧ರಿಂದ ಅವನು ಶೀಘ್ರಲಿಪಿಯಲ್ಲಿ ದಿನಚರಿಯನ್ನು ಬರೆಯುತ್ತ ಬಂದ. ಲಂಡನ್ನಿನ ಪ್ಲೇಗು, ೧೬೬೬ರ ಬೆಂಕಿ, ರಾಜನ ಆಸ್ಥಾನ, ತನ್ನ ಮನೆಯ ಜಗಳ, ತನ್ನ ಸಣ್ಣತನ, ಯಾವುದನ್ನೂ ಅವನು ಮುಚ್ಚಿಡಲಿಲ್ಲ. ಹಗಲೆಲ್ಲ ಲೆಕ್ಕಪತ್ರಗಳನ್ನು ನೋಡಿ, ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಆ ಸಣ್ಣ ಗುರುತುಗಳನ್ನು ಬರೆಯುತ್ತಿದ್ದ ಅವನ ಕಣ್ಣು ಉರಿಯತೊಡಗಿತು, ನೀರಿಳಿಯಿತು. ಬಗೆಬಗೆಯ ಕನ್ನಡಕಗಳನ್ನು ಹಾಕಿ ನೋಡಿದ. ಕಾಗದವನ್ನು ಕೊಳವೆಯಾಗಿ ಸುತ್ತಿ ಅದರೊಳಗಿಂದ ಓದಿ ನೋಡಿದ. ಕೊನೆಗೆ ತಾನು ಕುರುಡನಾಗುತ್ತಿದ್ದೇನೆಂದು ನಿಶ್ಚಯಿಸಿ, ೧೬೬೯ರ ಮೇ ೩೧ರಂದು ದಿನಚರಿಯನ್ನು ನಿಲ್ಲಿಸಿಬಿಟ್ಟ. ಆಗ ಅವನಿಗೆ ಮೂವತ್ತಾರು ವರ್ಷ.

ಅವನು ಕುರುಡನಾಗಲಿಲ್ಲ. ೧೭೦೩ರವರೆಗೆ, ಇನ್ನೂ ಮೂವತ್ತನಾಲ್ಕು ವರ್ಷ, ಬದುಕಿದ. ಅವನಿಗಿದ್ದದ್ದು ಹುಟ್ಟಿನಿಂದ ಬಂದ ದೂರದೃಷ್ಟಿಯೂ ಅದರ ಜೊತೆಗೆ ಕಣ್ಣಿನ ವಕ್ರತೆಯ ಒಂದು ದೋಷವೂ ಇರಬೇಕೆಂದು ದಿನಚರಿಯನ್ನು ಪರೀಕ್ಷಿಸಿದ ಈಚಿನ ನೇತ್ರವೈದ್ಯರು ಹೇಳಿದ್ದಾರೆ. ಇಂಥ ಕಣ್ಣಿನವರಿಗೆ ಚಾಳೀಸಿನ ಕಷ್ಟ ಉಳಿದವರಿಗಿಂತ ಮುಂಚೆಯೇ ತಟ್ಟುತ್ತದೆ. ಇಂದು ಯಾವ ಊರಿನ ಕನ್ನಡಕದ ಅಂಗಡಿಯಲ್ಲಾದರೂ ಒಂದು ವಾರದಲ್ಲಿ ತೀರುವ ಸಂಗತಿ. ವಕ್ರತೆಯನ್ನು ತಿದ್ದುವ ಗಾಜು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೂವತ್ತನಾಲ್ಕು ವರ್ಷಗಳ ದಿನಚರಿ ಇಂಗ್ಲಿಷ್ ಸಾಹಿತ್ಯಕ್ಕೆ ತಪ್ಪಿದ್ದು ಎರಡು ತುಂಡು ಗಾಜಿನ ಕೊರತೆಯಿಂದ. ಆದರೆ ಸಾಹಿತ್ಯಕ್ಕಾದ ನಷ್ಟಕ್ಕಿಂತ ಆ ಮೇ ತಿಂಗಳ ರಾತ್ರಿ ಅವನ ಮನಸ್ಸು ಹೇಗಿದ್ದಿರಬಹುದೆಂಬ ಯೋಚನೆ ನನ್ನನ್ನು ಹೆಚ್ಚು ಕಾಡುತ್ತದೆ.

ಅದಕ್ಕೆ ಸುಮಾರು ನೂರೈವತ್ತು ವರ್ಷ ಹಿಂದೆ ನಮ್ಮ ಹಂಪೆಯಲ್ಲಿ ಒಬ್ಬರಿಗೆ ಆ ಗಾಜು ಸಿಕ್ಕಿತ್ತು. ಅವರು ವ್ಯಾಸರಾಯರು; ನ್ಯಾಯಾಮೃತ, ತರ್ಕತಾಂಡವಗಳ ಕರ್ತೃ, ಪುರಂದರದಾಸರ ಗುರು. ಸೋಮನಾಥ ಕವಿ ಅವರ ಚರಿತ್ರೆಯನ್ನು ವ್ಯಾಸಯೋಗಿಚರಿತವೆಂಬ ಸಂಸ್ಕೃತ ಚಂಪುವಾಗಿ ಬರೆದಿದ್ದಾನೆ. ಯತಿಗಳು ಉಪನೇತ್ರದ ನೆರವಿನಿಂದ ಗ್ರಂಥವನ್ನು ಓದುತ್ತಿದ್ದ ಸಂಗತಿ ಅದರಲ್ಲಿ ಬರುತ್ತದೆ. ಪುಣೆಯ ವಿದ್ವಾಂಸರಾದ ಪಿ. ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಶೋಧಿಸಿದಾಗ ಇದನ್ನು ಎತ್ತಿ ತೋರಿಸಿದರು. ಪ್ರಸಂಗದ ಕಾಲ ಸುಮಾರು ೧೫೨೦. ಹುಟ್ಟಿದ್ದು ೧೪೬೦ರಲ್ಲಿ ಎಂಬ ಲೆಕ್ಕದಿಂದ ವ್ಯಾಸರಾಯರಿಗೆ ಆಗ ಅರವತ್ತು. ಯೂರೋಪಿನಲ್ಲಿ ಕನ್ನಡಕ ಹುಟ್ಟಿದ್ದು ಹದಿಮೂರನೆಯ ಶತಮಾನದ ಕೊನೆಯಲ್ಲಿ, ಇಟಲಿಯಲ್ಲಿ. ಈ ಕಲೆ ಬಂದು ಇನ್ನೂ ಇಪ್ಪತ್ತು ವರ್ಷವಾಗಿಲ್ಲವೆಂದು ೧೩೦೬ರಲ್ಲಿ ಫ್ಲಾರೆನ್ಸಿನ ಒಬ್ಬ ಪಾದ್ರಿ ಉಪನ್ಯಾಸದಲ್ಲಿ ಹೇಳಿದ್ದುಂಟು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ವಿಜಯನಗರದೊಡನೆ ಅವರಿಗೆ ಕುದುರೆಯ ವ್ಯಾಪಾರವಿತ್ತು. ಅವರ ಮೂಲಕವೇ ಉಪನೇತ್ರ ಮಠಕ್ಕೆ ಬಂದಿರಬೇಕೆಂಬ ಊಹೆ ಸಹಜವಾದದ್ದು. ಭಾರತದಲ್ಲೇ ಹುಟ್ಟಿತೆಂದು ವಾದಿಸಿದವರೂ ಇದ್ದಾರೆ; ಆ ವಾದ ನನಗೆ ಒಪ್ಪಿಗೆಯಾಗಿಲ್ಲ. ಏನೇ ಇರಲಿ, ಓಲೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ತುಂಬಿದ ಆ ಸಾಲುಗಳನ್ನು ಕಂಡವರಿಗೆ, ಅರವತ್ತರ ಶಾಸ್ತ್ರಜ್ಞನೊಬ್ಬನಿಗೆ ಆ ಗಾಜು ಎಂಥ ವರವಾಗಿದ್ದಿರಬೇಕೆಂಬುದು ಅರ್ಥವಾಗುತ್ತದೆ.

ಆದರೆ ಆ ವರ ಸಿಕ್ಕಿದ್ದು ಓದುವವರಿಗೆ. ಕನ್ನಡಕವೆಂದರೆ ಓದುವವನ ಉಪಕರಣ ಎಂಬ ಭಾವನೆ ಅಂದಿನಿಂದ ಇಂದಿನವರೆಗೂ ಬಂದಿದೆ. ಅಕ್ಕಿಯನ್ನು ಆರಿಸುವವರಿಗೆ, ಬಟ್ಟೆಗೆ ತೇಪೆ ಹಾಕುವವರಿಗೆ, ರೇಷ್ಮೆಯ ಎಳೆಯನ್ನು ಹುಡುಕುವವರಿಗೆ ಅದು ಬೇಕೆಂದು ಯಾರಿಗೂ ತೋರಲಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದಾಗ, ಎಂದರೆ ೧೯೭೪ರ ಸುಮಾರಿನಲ್ಲಿ, ನಮ್ಮ ತಾಯಿಗೆ ನಲವತ್ತೆರಡು. ನಡುಮಧ್ಯಾಹ್ನ ಜಗಲಿಯಲ್ಲಿ ಮೊರವನ್ನು ಹಿಡಿದು ಕುಳಿತು ಅಕ್ಕಿಯನ್ನು ಆರಿಸುತ್ತಿದ್ದಳು. ಮೊದಲು ಒಳಗೆ ಕುಳಿತು ಮಾಡುತ್ತಿದ್ದ ಕೆಲಸ. ಬೆಳಕು ಸಾಲದೆಂದು ಹೊರಗೆ ಬಂದಿದ್ದಳು. ಹೊಲಿಗೆಗೆ ಕುಳಿತರೆ, “ಬಾರೋ ಮಗು, ಈ ಸೂಜಿಗೊಂದು ದಾರ ಪೋಣಿಸಿಕೊಡು” ಎಂದು ಕರೆಯುತ್ತಿದ್ದಳು. ಒಂದೇ ಸಲಕ್ಕೆ ಪೋಣಿಸಿ ಕೊಡುವುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಊಟದಲ್ಲಿ ಆಗಾಗ ಕಲ್ಲು ಸಿಕ್ಕುತ್ತಿತ್ತು. ಅಪ್ಪ ತುತ್ತನ್ನು ನಿಲ್ಲಿಸಿ, “ಕಣ್ಣನ್ನು ಎಲ್ಲಿಟ್ಟುಕೊಂಡು ಅಕ್ಕಿ ಆರಿಸುತ್ತೀಯೆ?” ಎಂದು ಕೇಳುತ್ತಿದ್ದರು. ಅಪ್ಪ ಕೆಟ್ಟವರಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆಯೇ ಆಗಿತ್ತು; ಅದು ಪ್ರಶ್ನೆಯೆಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಅವರ ಸ್ವಂತ ಕನ್ನಡಕ ಕರಿಯ ಡಬ್ಬಿಯಲ್ಲಿ ಮೇಜಿನ ಮೇಲಿರುತ್ತಿತ್ತು. ನಾವು ಯಾರೂ ಮುಟ್ಟುವಂತಿರಲಿಲ್ಲ.

ಅದಕ್ಕೆ ಮುಂಚೆ ಅಮ್ಮ ರಾತ್ರಿ ಭಾರತವನ್ನು ಓದುತ್ತಿದ್ದಳು. ನೆರೆಯ ಇಬ್ಬರು ಮೂವರು ಹೆಂಗಸರು ಬಂದು ಕೂಡುತ್ತಿದ್ದರು. ಷಟ್ಪದಿಯನ್ನು ಅವಳು ಹಾಡುವಂತೆ ಓದುತ್ತಿದ್ದಳೆಂದು ಈಗಲೂ ನೆನಪಿನವರು ಹೇಳುತ್ತಾರೆ. ಆ ವರ್ಷ ಅದು ನಿಂತಿತು. ಕೇಳಿದವರಿಗೆ, “ಯಾಕೋ ಈಗ ಮನಸ್ಸು ಹತ್ತುವುದಿಲ್ಲ” ಎಂದಳು. ಎಲ್ಲರೂ ನಂಬಿದರು, ಅವಳೂ ನಂಬಿರಬೇಕು.

ಅಪ್ಪ ಊರಲ್ಲಿಲ್ಲದ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದೆ. ಅಮ್ಮ ಅವರ ಕನ್ನಡಕವನ್ನು ಹಾಕಿಕೊಂಡು ಪಂಚಾಂಗವನ್ನು ನೋಡುತ್ತಿದ್ದಳು. ನನ್ನನ್ನು ಕಂಡ ತಕ್ಷಣ ತೆಗೆದು ಡಬ್ಬಿಯಲ್ಲಿಟ್ಟು, “ಯಾರಿಗೂ ಹೇಳಬೇಡ” ಎಂದಳು. ನಾನು ಹೇಳಲಿಲ್ಲ. ವಿಧೇಯನಾದ ಮಗನೆನಿಸಿಕೊಂಡೆ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಹೆಂಗಸರಿಗೆ ಚಾಳೀಸು ಗಂಡಸರಿಗಿಂತ ಮುಂಚೆ ಬಂದಂತೆ ತೋರುವುದೆಂದು ಹಲವು ದೇಶಗಳ ವೈದ್ಯರು ಗಮನಿಸಿದ್ದಾರೆ. ಮಸೂರದಲ್ಲಿ ಭೇದವೇನೂ ಇಲ್ಲವಂತೆ. ತೋಳು ಗಿಡ್ಡ, ಮಾಡುವ ಕೆಲಸ ಕಣ್ಣಿಗೆ ಹತ್ತಿರದ್ದು. ಇಷ್ಟೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಲೋಕದಲ್ಲಿ ಚಾಳೀಸು ಬಂದವರು ೧೮೦ ಕೋಟಿ. ಅವರಲ್ಲಿ ತಕ್ಕ ಕನ್ನಡಕವಿಲ್ಲದೆ ಕಷ್ಟಪಡುವವರು ೮೨ ಕೋಟಿಗೂ ಹೆಚ್ಚು. ಕನ್ನಡಕ ಕೊಟ್ಟರೆ ಏನಾಗುತ್ತದೆಂಬುದನ್ನು ಅಸ್ಸಾಮಿನ ಒಂದು ಚಹದ ತೋಟದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ನಲವತ್ತು ದಾಟಿದ ಸುಮಾರು ೭೫೦ ಮಂದಿ ಕೂಲಿಗಳಲ್ಲಿ ಅರ್ಧದಷ್ಟು ಜನಕ್ಕೆ ಮೊದಲೇ ಕನ್ನಡಕವನ್ನು ಕೊಟ್ಟರು. ಕನ್ನಡಕ ಹಾಕಿದವರು ಕೊಯ್ದ ಎಲೆ ಉಳಿದವರದಕ್ಕಿಂತ ಶೇಕಡ ೨೦ಕ್ಕೂ ಮೇಲ್ಪಟ್ಟು ಹೆಚ್ಚಾಯಿತೆಂದು ೨೦೧೮ರಲ್ಲಿ ಪ್ರಕಟಿಸಿದರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿ ೨೦೨೪ರಲ್ಲಿ ಪ್ರಕಟಿಸಿದ ಮತ್ತೊಂದು ಪರೀಕ್ಷೆಯಲ್ಲಿ, ಕನ್ನಡಕ ಪಡೆದವರ ಆದಾಯ ಎಂಟು ತಿಂಗಳಲ್ಲಿ ಪಡೆಯದವರದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಮೇಲಾಯಿತು. ಎಲೆ ಕೊಯ್ಯುವುದರಲ್ಲಿ ಹಿಂದೆ ಬಿದ್ದಿದ್ದಾಗ ಆ ಕೂಲಿಯಾಳುಗಳು ಮೇಸ್ತ್ರಿಯಿಂದ ಏನೇನು ಕೇಳಿದ್ದರೆಂಬುದು ಯಾವ ಅಂಕಿಯಲ್ಲಿಯೂ ಇಲ್ಲ. ನನಗೆ ನಮ್ಮ ಮನೆಯ ಊಟದ ಪಂಕ್ತಿ ನೆನಪಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸದಿದ್ದರೆ ತಪ್ಪಾಗುತ್ತದೆ. ಇತಿಹಾಸವನ್ನು ಬೋಧಿಸುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ರಸ್ತೆಯ ಬದಿಯಲ್ಲಿ ಸಿದ್ಧ ಕನ್ನಡಕವನ್ನು ಕೊಂಡು, ಆರು ವರ್ಷ ಸುಖವಾಗಿ ಓದಿದರು. ವೈದ್ಯರ ಹತ್ತಿರ ಹೋಗುವ ಅಗತ್ಯವೇ ಕಾಣಲಿಲ್ಲ. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗತೊಡಗಿತು. ಒಮ್ಮೆ ಪಕ್ಕದಿಂದ ಬಂದ ಸೈಕಲ್ಲು ಕಾಣದೆ ಸ್ಕೂಟರಿನಿಂದ ಬಿದ್ದರು. ಪರೀಕ್ಷೆ ಮಾಡಿಸಿದಾಗ ಗ್ಲಾಕೋಮ ಎಂದು ಗೊತ್ತಾಯಿತು. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡದಿಂದ ನರವನ್ನು ಸವೆಸುವ ಈ ರೋಗ ನೋವಿಲ್ಲದೆ ಅಂಚಿನಿಂದ ದೃಷ್ಟಿಯನ್ನು ಕತ್ತರಿಸುತ್ತ ಬರುತ್ತದೆ. ನಡುವಿನ ಅಕ್ಷರ ಕೊನೆಯವರೆಗೂ ಕಾಣುತ್ತಿರುತ್ತದೆ. ಉಳಿದದ್ದನ್ನು ಕಾಪಾಡುವ ಹನಿಗಳಿವೆ. ಹೋದದ್ದನ್ನು ತರುವ ಔಷಧವಿಲ್ಲ. ಇದು ಹೆಚ್ಚಾಗಿ ತಲೆಯಿಕ್ಕುವುದೂ ನಲವತ್ತರ ಮೇಲೆಯೇ. ಸಿಹಿಮೂತ್ರ ರೋಗದವರ ಕಣ್ಣಿಗೆ ಬೇರೆ ಅಪಾಯಗಳೂ ಉಂಟು. ಚಾಳೀಸು ಬಂದಾಗ ಅಂಗಡಿಗೆ ಹೋಗುವ ಮುನ್ನ ಒಮ್ಮೆ ವೈದ್ಯರಿಂದ ಕಣ್ಣಿನ ಒಳಭಾಗವನ್ನು ನೋಡಿಸಿಕೊಳ್ಳಬೇಕೆನ್ನುವುದು ಈ ಕಾರಣಕ್ಕೆ. ನನ್ನ ಸ್ನೇಹಿತರ ಬಲಗಣ್ಣು ಈಗ ಕಿಂಡಿಯಷ್ಟು ಮಾತ್ರ ಉಳಿದಿದೆ.

ಕಣ್ಣಿನ ಪೊರೆಗಾದರೆ ನಮ್ಮ ನಾಡಿನಲ್ಲಿ ಧರ್ಮಿಷ್ಠರಿಗೆ ಕೊರತೆಯಾಗಲಿಲ್ಲ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳಲ್ಲಿ ಸಾಲುಸಾಲಾಗಿ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ನೆನೆಯುವ ಮನೆಗಳು ಇಂದಿಗೂ ಇವೆ. ಕುರುಡು ಕನಿಕರವನ್ನು ಹುಟ್ಟಿಸುತ್ತದೆ. ಸೂಜಿಗೆ ದಾರ ಪೋಣಿಸಲಾಗದವಳಿಗೆ ಯಾರು ಶಿಬಿರ ಹೂಡುತ್ತಾರೆ? ನಮ್ಮ ತಾಯಿಗೆ ಕನ್ನಡಕ ಬಂದದ್ದು ಪೊರೆಯ ದೆಸೆಯಿಂದ. ೧೯೯೬ರಲ್ಲಿ, ಅವಳ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ತಾಲ್ಲೂಕಿನ ಒಂದು ಶಿಬಿರದಲ್ಲಿ ಪೊರೆಯನ್ನು ತೆಗೆದು ಒಳಗೆ ಮಸೂರವನ್ನು ಇಟ್ಟರು. ಕೆಲವು ವರ್ಷ ಹಿಂದೆ ಆ ಮಸೂರ ಪರದೇಶದ ದುಬಾರಿ ಸಾಮಾನು. ೧೯೯೨ರಲ್ಲಿ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಆಶ್ರಯದಲ್ಲಿ ಆರೋಲ್ಯಾಬ್ ಅದನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ ಬಡವರಿಗೂ ಎಟುಕಿತು. ಅದು ಉಬ್ಬುವ ಮಸೂರವಲ್ಲ. ದೂರವನ್ನು ಕಾಣಿಸುತ್ತದೆ, ಹತ್ತಿರಕ್ಕೆ ಬೇರೆ ಗಾಜು ಬೇಕು. ಹೀಗಾಗಿ ಹೊರಡುವಾಗ ಒಂದು ಕನ್ನಡಕವನ್ನೂ ಕೊಟ್ಟರು.

ಮನೆಗೆ ಬಂದು ಕೆಲವು ವಾರಗಳ ಮೇಲೆ ಅವಳು ಮೊರವನ್ನು ತರಿಸಿಕೊಂಡಳು. ಸೊಸೆ ಆಗಲೇ ಆರಿಸಿಟ್ಟಿದ್ದ ಅಕ್ಕಿ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಎರಡು ಕಲ್ಲನ್ನು ಹೆಕ್ಕಿ ಅಂಗೈ ಮೇಲೆ ಇಟ್ಟುಕೊಂಡು, “ನಿಮ್ಮಪ್ಪನಿಗೆ ನಾನು ಇದನ್ನೇ ಬಡಿಸುತ್ತಿದ್ದೆನಲ್ಲೋ” ಎಂದಳು. ಅಪ್ಪ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು. ನಾನು ಏನಾದರೂ ಹೇಳಬೇಕಾಗಿತ್ತು, ಹೇಳಲಿಲ್ಲ. ಇಷ್ಟನ್ನು ಕಣ್ಣಾರೆ ಕಂಡವನೂ ಹನ್ನೊಂದು ವರ್ಷದ ಮೇಲೆ ತನ್ನ ಸರದಿ ಬಂದಾಗ ದೀಪವನ್ನೂ ಮುದ್ರಕರನ್ನೂ ದೂರಿದನೆಂಬುದನ್ನು ಈಗಾಗಲೇ ಒಪ್ಪಿಕೊಂಡಿದ್ದೇನೆ.

ಆ ಬೇಸಗೆಯಲ್ಲಿ ಅಟ್ಟದ ಮೇಲಿದ್ದ ಭಾರತವನ್ನು ಇಳಿಸಿ ಕೊಟ್ಟೆ. ನಾಲ್ಕು ದಿನ ಓದಿದಳು. ಅಕ್ಷರಗಳೇನೋ ಕಂಡವು. ಆದರೆ ಷಟ್ಪದಿಯ ಓಟ ನಾಲಗೆಗೆ ಹತ್ತಲಿಲ್ಲ. ಸಾಲಿನ ನಡುವೆ ಎಡವುತ್ತಿದ್ದಳು, ಮತ್ತೆ ಮೊದಲಿಂದ ಹಿಡಿಯುತ್ತಿದ್ದಳು. ಕೇಳಲು ಬರುತ್ತಿದ್ದ ನೆರೆಯ ಹೆಂಗಸರಲ್ಲಿ ಒಬ್ಬಾಕೆ ಮಾತ್ರ ಉಳಿದಿದ್ದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಐದನೆಯ ದಿನ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಏರಿಸಿದೆವು. ಕನ್ನಡಕವನ್ನು ಅವಳು ಅಡಿಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಳು, ಅಕ್ಕಿ ಆರಿಸುವುದಕ್ಕೆ.